ಟ್ಯಾಕ್ಸಿಯೊಳಗೆ ಕೇಳಿಬಂದ ಸಂಸಾರ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂಬುದರಲ್ಲಿ ಮನೆಯವರಿಗೆ ಒಮ್ಮತವಿಲ್ಲ. ಮಿರಾನ್‌ಗೆ ವಸಂತದಿಂದ ಶುರು ಮಾಡುವ ಆಸೆ. ವಸಂತವೆಂದರೆ ಓದುಗರಿಗೆ ಹೂವು ನೆನಪಾಗುತ್ತದೆ, ಕೂತು ಓದುತ್ತಾರೆ. ಗಂಡ ದೊಕ್ಸು ಟ್ಯಾಕ್ಸಿ ಓಡಿಸುವವನು. ಟ್ಯಾಕ್ಸಿಯಲ್ಲಿ ತನಗೆ ಅವಮಾನವಾದ ದಿನದಿಂದಲೇ ಕಥೆ ಹೊರಡಬೇಕು ಎನ್ನುತ್ತಾನೆ. ಅತ್ತೆ ಒಕ್ಬುನ್‌ಗೆ ಎಂಬತ್ತನಾಲ್ಕು ವರ್ಷ. ತಮ್ಮ ಮದುವೆಯಿಂದ ಶುರುವಾಗದ ಕಥೆ ಕಥೆಯೇ ಅಲ್ಲ ಎಂಬುದು ಅವರ ಅಭಿಪ್ರಾಯ.

(ಅಂದಹಾಗೆ, ಬರೆಯುತ್ತಿರುವವಳೂ ಮಿರಾನ್, ಕಥೆಯೊಳಗಿರುವವಳೂ ಮಿರಾನ್. ಮೊದಲ ಕರಡಿನಲ್ಲಿ "ನಾನು" ಎಂದೇ ಇತ್ತು. ದೊಕ್ಸು ಓದಿ, "ನಾನು ಅಂತ ಬರೆದ ತಕ್ಷಣ ನೀನು ಒಳ್ಳೆಯವಳಾಗಿಬಿಡ್ತೀಯ. ನಮ್ಮೆಲ್ಲರ ಹಾಗೆ ನೀನೂ ಹೆಸರು ಹಾಕ್ಕೊಂಡು ಒಳಗೆ ಬಾ" ಎಂದ. ಬಂದಿದ್ದೇನೆ. ಬಂದಿದ್ದಾಳೆ.)

ಆ ಕರಡು ಈಗ ಮೂಲಂಗಿ ಸಿಪ್ಪೆಯ ಜೊತೆ ಬುಟ್ಟಿಯಲ್ಲಿದೆ. ಇನ್ನು ಮುಂದೆ ಮಿರಾನ್ ಬರೆದದ್ದು ಯಾವುದೇ ಇರಲಿ, ಮನೆಯವರೆಲ್ಲ ಓದಿ ಒಪ್ಪಿದರೆ ಮಾತ್ರ ಹೊಸ್ತಿಲು ದಾಟಬೇಕು. ಹೀಗೊಂದು ಕಾನೂನು ಯಾಕೆ ಬಂತು ಎಂಬುದೇ ಕಥೆ.

೨

ವಸಂತವೇ ಗೆದ್ದಿತು. ಆದರೆ ಹೂವಿಲ್ಲ, ಕ್ಷಮಿಸಿ.

ಗುನ್ಸಾನ್ ಬಂದರಿನ ಹಿಂದಿನ ಬೀದಿಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿರುವ ಆ ಮನೆಗೆ ವಸಂತವನ್ನು ತರುವವನು ದೊಕ್ಸು. ಮಾರ್ಚ್ ಒಂದನೇ ತಾರೀಕು ಬೆಳಿಗ್ಗೆ ನೆಲ ಬಿಸಿ ಮಾಡುವ ಬಾಯ್ಲರಿನ ಗುಂಡಿ ಒತ್ತಿ ಆರಿಸುತ್ತಾನೆ. ಅಲ್ಲಿಗೆ ಚಳಿಗಾಲ ಮುಗಿಯಿತು. ಪಾಪ, ಚಳಿಗಾಲಕ್ಕೆ ಇದು ಗೊತ್ತಿರುವುದಿಲ್ಲ. ಈ ವರ್ಷ ಗುಂಡಿ ಒತ್ತಿದ ಮೂರನೇ ದಿನ ಹಿಮ ಬಿತ್ತು.

"ಅದು ಹಿಮ ಅಲ್ಲ, ದಾರಿ ತಪ್ಪಿದ ಮಳೆ" ಎಂದ ದೊಕ್ಸು.

ಒಕ್ಬುನ್ ಉಣ್ಣೆಯ ಕೈಗವಸು ಹಾಕಿಕೊಂಡೇ ಊಟಕ್ಕೆ ಕೂತರು. ಚಮಚ ಜಾರುತ್ತಿತ್ತು. ಬಟ್ಟಲಿನೊಳಗೆ ಇಣುಕಿ, "ಸಾರು ತಣ್ಣಗಾಯ್ತು ಕಣೋ. ಇನ್ನು ನನ್ನ ಸರದಿ" ಎಂದರು.

ಮಿರಾನ್ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಅವತ್ತೇ ಮಧ್ಯಾಹ್ನ ಅದನ್ನೆಲ್ಲ ಬರೆದು, ಮನೆಮನೆಯ ತಮಾಷೆಗಳನ್ನು ಓದುವ ಬೆಳಗಿನ ರೇಡಿಯೋ ಕಾರ್ಯಕ್ರಮಕ್ಕೆ ಕಳಿಸಿದಳು. ಹೆಸರು ಹಾಕಲಿಲ್ಲ, "ಗುನ್ಸಾನಿನ ನಡುಗುತ್ತಿರುವ ಸೊಸೆ" ಎಂದಷ್ಟೇ. ಓದಿದರು. ಬಹುಮಾನವಾಗಿ ಒಂದು ಎಲೆಕ್ಟ್ರಿಕ್ ಕಂಬಳಿ ಬಂತು.

"ಎಲ್ಲಿಂದ ಬಂತು ಇದು?" ಎಂದು ದೊಕ್ಸು ಕೇಳಿದ.

"ಮೂಲೆ ಮಾರ್ಟ್‌ನಲ್ಲಿ ಚೀಟಿ ಎತ್ತಿದ್ರು, ನನಗೆ ಬಂತು."

(ಓದುಗರೇ, ಇದು ಮೊದಲ ಸುಳ್ಳು. ಮೂರರವರೆಗೆ ಹೋಗುತ್ತದೆ. ಬೆರಳು ಮಡಚಿಕೊಳ್ಳಿ.)

೨, ಮತ್ತೆ

ಈ ಭಾಗವನ್ನು ಮೊದಲು ಮಳೆಯಿಂದ ಶುರು ಮಾಡಿದ್ದೆ. ಬಟ್ಟೆ ಒಣಗದ್ದು, ಗೋಡೆಯ ಬೂಸ್ಟು, ದೊಕ್ಸುವಿನ ಕಾಲುಚೀಲದ ವಾಸನೆ. ದೊಕ್ಸು ಕೆಂಪು ಪೆನ್ನಿನಲ್ಲಿ ಕಾಲುಚೀಲ ಹೊಡೆದುಹಾಕಿದ. ಅದು ಹೋದಮೇಲೆ ಮಳೆಗೂ ಅಲ್ಲಿ ಕೆಲಸವಿರಲಿಲ್ಲ. ಆದ್ದರಿಂದ ನೇರ ಸೆಕೆಗೆ ಬರೋಣ.

ಬಾಗಿಲು ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಹಾಕಿ ಮಲಗಿದವರು ಬೆಳಿಗ್ಗೆ ಏಳುವುದಿಲ್ಲ ಎಂದು ಒಕ್ಬುನ್ ಬಲವಾಗಿ ನಂಬಿದ್ದಾರೆ. ಮಗ ಮಲಗುವ ಮೊದಲೇ ಹೋಗಿ ಫ್ಯಾನಿನ ರೆಕ್ಕೆ ಬಿಚ್ಚಿ ಬಚ್ಚಿಡುತ್ತಿದ್ದರು. ಒಂದು ಬೆಳಿಗ್ಗೆ ದೊಕ್ಸು ಅಕ್ಕಿ ಡಬ್ಬಿಗೆ ಕೈ ಹಾಕಿದರೆ ನೀಲಿ ರೆಕ್ಕೆ ಸಿಕ್ಕಿತು.

"ಅಮ್ಮಾ, ಇದನ್ನ ಅನ್ನದ ಜೊತೇಲೇ ಬೇಯಿಸೋದಾ, ಬೇರೆ ಪಾತ್ರೇಲಾ?"

"ಬದುಕಿದ್ದೀಯಲ್ಲ, ಅದಕ್ಕೇ ಮಾತಾಡ್ತಿದ್ದೀಯ" ಎಂದರು ಒಕ್ಬುನ್.

ಬರೆದಳು, ಓದಿದರು, ಬಹುಮಾನ ಬಂತು: ಹೊಸದೊಂದು ಫ್ಯಾನ್. ಒಕ್ಬುನ್‌ಗೆ ಕೆಲಸ ಎರಡರಷ್ಟಾಯಿತು. ಇದೂ ಚೀಟಿಯಲ್ಲೇ ಬಂತೆಂದು ನಂಬಿದ ದೊಕ್ಸುಗೆ ಮೂಲೆ ಮಾರ್ಟ್‌ನವರ ಮೇಲೆ ಎಂಥ ಗೌರವ ಹುಟ್ಟಿತೆಂದರೆ, ಆ ಅಂಗಡಿಯ ಮುಂದೆ ಟ್ಯಾಕ್ಸಿ ಹೋಗುವಾಗಲೆಲ್ಲ ತಲೆಬಾಗುತ್ತಿದ್ದ.

೩

ಇಲ್ಲಿಂದ ಮಿರಾನ್‌ಗೆ ಬರೆಯುವುದು ಕಷ್ಟ. ಮೂರು ಸಲ ಬರೆದು ಹರಿದಿದ್ದಾಳೆ. ಮೊದಲ ಸಲ ತನ್ನ ತಪ್ಪು ಚಿಕ್ಕದಾಗಿ ಕಂಡಿತು. ಎರಡನೇ ಸಲ ತಾನು ತುಂಬಾ ಅತ್ತಂತೆ ಕಂಡಿತು. ಮೂರನೇ ಸಲ ಮಗಳು ನರೇ ಓದಿ, "ಅಮ್ಮಾ, ಇದರಲ್ಲಿ ಅಪ್ಪ ಎಲ್ಲಿ?" ಎಂದಳು. ಊರಿನ ದಂತವೈದ್ಯರೊಬ್ಬರ ಹತ್ತಿರ ಕೆಲಸ ಮಾಡುವ ಹುಡುಗಿ. ಎಲ್ಲಿ ನೋವಿದೆಯೋ ಅಲ್ಲೇ ತಟ್ಟಿ ನೋಡುತ್ತಾಳೆ.

ಶರತ್ಕಾಲದ ಹಬ್ಬ, ಚುಸೊಕ್. ಹಿಂದಿನ ದಿನ ಎಲ್ಲರೂ ಕೂತು ಅಕ್ಕಿಹಿಟ್ಟಿನ ಕಡುಬು ಮಾಡಿದರು. ದೊಕ್ಸು ಮಾಡಿದ್ದೆಲ್ಲ ಕಿವಿಯ ಆಕಾರಕ್ಕೆ ಬಂದವು. ಎರಡು ಎಡಗಿವಿ, ಉಳಿದವೆಲ್ಲ ಬಲಗಿವಿ. ಬೆಳಿಗ್ಗೆ ಹಿರಿಯರಿಗೆ ಎಡೆ ಇಟ್ಟು, ನಮಸ್ಕಾರ ಮುಗಿಸಿ, ಹೆಂಗಸರು ಅಡುಗೆಮನೆಗೆ ಹೋದಮೇಲೂ ದೊಕ್ಸು ತಂದೆಯ ಫೋಟೋದ ಮುಂದೆ ಒಬ್ಬನೇ ಕೂತಿದ್ದ. ಮಿರಾನ್ ತಟ್ಟೆ ಎತ್ತಲು ಬಂದವಳು ಬಾಗಿಲಲ್ಲೇ ನಿಂತಳು.

"ಅಪ್ಪಾ, ಸಿಗರೇಟು ಬಿಟ್ಟೆ" ಎಂದು ಹೇಳಿ ದೊಕ್ಸು ಹಣೆ ನೆಲಕ್ಕೆ ಮುಟ್ಟಿಸಿದ. ಜೇಬಿನಿಂದ ಸಿಗರೇಟ್ ಪ್ಯಾಕು ಜಾರಿ ಬಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಎರಡೂ ಕೈಯಲ್ಲಿ ಎತ್ತಿ ಫೋಟೋದ ಮುಂದೆ ಇಟ್ಟು, "ನಿಮಗೆ ಅಂತಲೇ ತಂದಿದ್ದು" ಎಂದ.

ಇಷ್ಟಕ್ಕೇ ಮಿರಾನ್ ಅಲ್ಲಿಂದ ಹೋಗಬೇಕಿತ್ತು. ಹೋಗಲಿಲ್ಲ. ದೊಕ್ಸು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ.

"ಅಮ್ಮ ಈಗೀಗ ಒಮ್ಮೊಮ್ಮೆ ನನ್ನನ್ನೇ 'ರೀ' ಅಂತ ಕರೀತಾಳೆ ಅಪ್ಪಾ. ನಾನು 'ಏನೇ' ಅಂತೀನಿ. ನಿಮಗೇನೂ ಬೇಜಾರಿಲ್ಲ ತಾನೇ?"

ಮಿರಾನ್ ಅದನ್ನೂ ಬರೆದಳು. ಕಡುಬು, ಸಿಗರೇಟು, ಕೊನೆಯಲ್ಲಿ ಈ ಮಾತು. ನಗು ಏರುತ್ತಾ ಹೋಗಬೇಕಲ್ಲ, ಅದಕ್ಕೆ.

ನಾಲ್ಕನೆಯ ಸಂಖ್ಯೆ ಅತ್ತೆಗೆ ಆಗುವುದಿಲ್ಲ, ಸಾವಿನ ಸಂಖ್ಯೆಯಂತೆ. ಬಿಟ್ಟಿದ್ದೇನೆ.

೫

ಎರಡು ವಾರದ ನಂತರದ ಒಂದು ಸಂಜೆ ದೊಕ್ಸು ಕೈಯಲ್ಲಿ ಒಣಮೀನಿನ ಪೆಟ್ಟಿಗೆ ಹಿಡಿದು ಒಳಗೆ ಬಂದ. ಕೊರಿಯರ್‌ನವನು ಮೆಟ್ಟಿಲ ಹತ್ತಿರ ಕೊಟ್ಟಿದ್ದನಂತೆ.

"ಮಾರ್ಟ್‌ನಲ್ಲಿ ಚೀಟಿ..." ಎಂದು ಮಿರಾನ್ ಬಾಯಿ ತೆರೆದಳು.

"ಮಾರ್ಟ್‌ನವರನ್ನ ಇವತ್ತು ಕೇಳಿದೆ. ಅವರು ಹುಟ್ಟಿದಾಗಿನಿಂದ ಯಾರಿಗೂ ಒಂದು ಈರುಳ್ಳಿ ಕೂಡ ಬಿಟ್ಟಿ ಕೊಟ್ಟಿಲ್ಲವಂತೆ." ಅವನು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. "ಮೊನ್ನೆ ಬೆಳಿಗ್ಗೆ ಬಸ್ ಸ್ಟ್ಯಾಂಡಿನಿಂದ ಒಬ್ಬ ಅಜ್ಜಿ ಹತ್ತಿದ್ರು. ರೇಡಿಯೋ ಹಾಕಪ್ಪಾ ಅಂದ್ರು, ಹಾಕಿದೆ. ಯಾವನೋ ಕಿವಿ ಥರ ಕಡುಬು ಮಾಡ್ತಾನಂತೆ. ಅಜ್ಜಿ ನಕ್ಕರು, ನಾನೂ ನಕ್ಕೆ. 'ಇಂಥವನನ್ನ ಕಟ್ಟಿಕೊಂಡವಳ ಗತಿ ಏನಜ್ಜಿ' ಅಂತ ನಾನೇ ಕೇಳಿದೆ ಕಣೇ, ನನ್ನ ಬಾಯಲ್ಲೇ! ಸಿಗರೇಟು ಬಿದ್ದಾಗ ಗೊತ್ತಾಯ್ತು. ಮುಂದಿನದು ಬಂದಾಗ ಹಿಂದಿನ ಸೀಟಿನ ಅಜ್ಜಿಗೆ ನಕ್ಕೂ ನಕ್ಕೂ ಕೆಮ್ಮು ಬಂತು. ನಾನು ಗಾಡಿ ಪಕ್ಕಕ್ಕೆ ನಿಲ್ಲಿಸಿ ನೀರು ಕೊಟ್ಟೆ."

ಮಿರಾನ್ ಏನೋ ಹೇಳಹೋದಳು.

"ಸಿಗರೇಟಿನ ವಿಷಯ ಹೇಳಿದ್ದಕ್ಕೆ ಏನೂ ಇಲ್ಲ. ಬಾಯ್ಲರ್ ಹೇಳು, ಫ್ಯಾನ್ ಹೇಳು. ಅಮ್ಮನ ವಿಷಯ ಯಾಕೆ ಹೇಳ್ದೆ? ನಾನು ಅಪ್ಪನ ಹತ್ತಿರ ಮಾತಾಡ್ತಿದ್ದೆ. ನಿನ್ನ ಹತ್ತಿರ ಅಲ್ಲ."

ಮೀನು ಫ್ರಿಜ್ಜಿಗೆ ಹೋಯಿತು. ಅದನ್ನು ಹುರಿಯುವ ಧೈರ್ಯ ಯಾರಿಗೂ ಬರಲಿಲ್ಲ.

೬

ಆಮೇಲೆ ದೊಕ್ಸು ಒಳ್ಳೆಯವನಾಗಿಬಿಟ್ಟ. ಅದೊಂದು ಭಯಂಕರ ಕಾಲ.

ಅಕ್ಟೋಬರಿನಲ್ಲೇ, ಯಾರೂ ಕೇಳದೆ, ಬಾಯ್ಲರ್ ಹಚ್ಚಿದ. ಒಕ್ಬುನ್ ಬಿಸಿ ನೆಲ ಮುಟ್ಟಿ ನೋಡಿ ಸೊಸೆಯನ್ನು ಕರೆದು, "ಇವನಿಗೆ ಏನೋ ಆಗಿದೆ ಕಣಮ್ಮಾ. ಡಾಕ್ಟರ ಹತ್ತಿರ ಕರಕೊಂಡು ಹೋಗು" ಎಂದು ಪಿಸುಗುಟ್ಟಿದರು. ಊಟಕ್ಕೆ ಕೂತರೆ ದೊಕ್ಸು ಸಾರನ್ನು ಸದ್ದಿಲ್ಲದೆ ಕುಡಿಯುತ್ತಿದ್ದ. ಸೀನು ಬಂದರೆ ಮೊದಲು ಮಿರಾನ್ ಕಡೆ ನೋಡುತ್ತಿದ್ದ. ಚಪ್ಪಲಿ ಅದಲುಬದಲಾಗಿ ಹಾಕಿಕೊಳ್ಳುವುದನ್ನೂ ನಿಲ್ಲಿಸಿದ. ಇಪ್ಪತ್ತೊಂಬತ್ತು ವರ್ಷ ಜೊತೆಗಿದ್ದವನು ಈಗ ಬಾಡಿಗೆಗೆ ಬಂದವನ ಹಾಗೆ ನಯವಾಗಿ ಓಡಾಡಿದರೆ ಮನೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಮಿರಾನ್‌ಗೆ ಆಗ ಗೊತ್ತಾಯಿತು.

ಕ್ಷಮೆ ಕೇಳಬೇಕೆಂದು ದಿನವೂ ಅಂದುಕೊಂಡಳು. "ರೀ" ಎಂದು ಶುರು ಮಾಡುವಳು. ಅವನು "ಏನು?" ಎನ್ನುವನು. "ಮೊಟ್ಟೆ ಮುಗಿದಿದೆ" ಎನ್ನುವಳು. ಅವನು ಮೊಟ್ಟೆ ತರುವನು. ಫ್ರಿಜ್ಜಿನಲ್ಲಿ ಮೊಟ್ಟೆ ಇಡಲು ಜಾಗವಿಲ್ಲದಂತಾಯಿತು.

(ಇದು ಉತ್ಪ್ರೇಕ್ಷೆಯಲ್ಲ. ನರೇ ಸಾಕ್ಷಿ. ಎರಡು ಟ್ರೇ ಅವಳ ಕ್ಲಿನಿಕ್ಕಿಗೆ ಹೋದವು.)

೭

ನವೆಂಬರಿನ ಕೊನೆಗೆ ಕಿಮ್ಚಿ ಹಾಕುವ ದಿನ. ನಡುಮನೆಯ ತುಂಬ ಪ್ಲಾಸ್ಟಿಕ್ ಹಾಳೆ ಹಾಸಿ, ಉಪ್ಪಿನಲ್ಲಿ ನೆನೆದ ಐವತ್ತು ಎಲೆಕೋಸು ಗುಡ್ಡೆ ಹಾಕಿಕೊಂಡು, ಮಿರಾನ್, ನರೇ, ಕೆಳಮನೆಯ ಗಪ್ಸುನ್ ಮೂವರೂ ರಬ್ಬರ್ ಕೈಗವಸು ತೊಟ್ಟು ಮೆಣಸಿನ ಮಸಾಲೆ ಮೆತ್ತುತ್ತಿದ್ದರು. ಒಕ್ಬುನ್ ಎತ್ತರದ ದಿಂಬಿನ ಮೇಲೆ ಕೂತು ಉಪ್ಪಿನ ರುಚಿ ನೋಡುತ್ತಿದ್ದರು. ದೊಕ್ಸು ಬಾಡಿಗೆಗೆ ಹೋಗಿದ್ದ. ಕಪಾಟಿನ ಮೇಲೆ ರೇಡಿಯೋ ಹಾಡುತ್ತಿತ್ತು. ಹಾಡು ನಿಂತು, ಓದುವ ಹೆಂಗಸಿನ ದನಿ ಬಂತು.

"ಈ ವಾರದ ಪತ್ರ ಎಂಬತ್ತನಾಲ್ಕು ವರ್ಷದ ಒಬ್ಬ ಅಜ್ಜಿಯದು. ಮಗನ ಕೈಯಲ್ಲಿ ಬರೆಸಿದ್ದಾರೆ. 'ನನ್ನ ಸೊಸೆ ಬಚ್ಚಲುಮನೆಯಲ್ಲಿ ಜಗಳ ಆಡುತ್ತಾಳೆ. ಒಬ್ಬಳೇ. ತನ್ನ ಮಾತೂ ಅವಳದೇ, ನನ್ನ ಮಗನ ಮಾತೂ ಅವಳದೇ. ಮಗನ ದನಿಯನ್ನು ದಪ್ಪಗೆ ಮಾಡಿ ಆಡುತ್ತಾಳೆ. ಪ್ರತಿ ಸಲವೂ ಅವನೇ ಸೋಲುತ್ತಾನೆ.'"

ಮಿರಾನ್ ಎದ್ದು ನಿಂತಳು. ಮೊಣಕೈವರೆಗೂ ಮಸಾಲೆ.

"ನರೇ, ಆರಿಸೇ ಅದನ್ನ!"

"ಕೈ ಕೆಂಪಾಗಿದೆ ಅಮ್ಮಾ" ಎನ್ನುತ್ತಾ ನರೇ ಮೊಣಕೈಯಿಂದ ದನಿ ಇನ್ನಷ್ಟು ಏರಿಸಿದಳು. ಗಪ್ಸುನ್ ಎಲೆಕೋಸನ್ನು ಎದೆಗವಚಿಕೊಂಡು, "ಸುಮ್ನಿರ್ರೀ, ಕೇಳಿಸ್ತಿಲ್ಲ" ಎಂದರು. ಒಕ್ಬುನ್ ಮಾತ್ರ ತಮಗೇನೂ ಸಂಬಂಧವಿಲ್ಲದಂತೆ ಮೂಲಂಗಿ ಜಗಿಯುತ್ತಿದ್ದರು.

"'ಈಗ ಕೆಲವು ವಾರದಿಂದ ಜಗಳ ನಿಂತಿದೆ. ಕ್ಷಮೆ ಕೇಳುವ ಅಭ್ಯಾಸ ನಡೆದಿದೆ. ತಪ್ಪು ನನ್ನದೇ ಅಂತ ಚೆನ್ನಾಗಿಯೇ ಶುರು ಮಾಡುತ್ತಾಳೆ. ಆದರೆ ಮಧ್ಯದಲ್ಲಿ ಎಲ್ಲೋ ತಿರುಗಿ, ಕೊನೆಗೆ ನನ್ನ ಮಗನೇ ಕ್ಷಮೆ ಕೇಳುತ್ತಾನೆ. ಬಚ್ಚಲಿನ ಗಾಳಿಕಿಂಡಿ ನೇರ ನನ್ನ ಕೋಣೆಗಿದೆ. ಮಗ ದಿನವೂ ಬಂದು ನನ್ನ ಪಕ್ಕ ಕೂತು ಕೇಳುತ್ತಾನೆ. ಅವಳು ಹೊರಗೆ ಬಂದು ಒಂದು ಸಲ ಹೇಳಿಬಿಟ್ಟರೆ ನಾನೂ ಬೇಗ ಮಲಗಬಹುದು.'"

ಗಪ್ಸುನ್ ಬಿದ್ದು ಬಿದ್ದು ನಕ್ಕರು. ಮಿರಾನ್‌ಗೆ ಮುಖ ಮುಚ್ಚಿಕೊಳ್ಳಬೇಕೆನಿಸಿತು. ಆದರೆ ಆ ಕೈಯಲ್ಲಿ ಮುಖ ಮುಟ್ಟಿದರೆ ಕಣ್ಣು ಹೋಗುತ್ತದೆ. ಕೈ ಎರಡನ್ನೂ ಗಾಳಿಯಲ್ಲಿ ಎತ್ತಿ ಹಿಡಿದು, ಪೊಲೀಸರಿಗೆ ಸಿಕ್ಕವಳ ಹಾಗೆ ನಿಂತಳು. ಆ ಅಪರಿಚಿತ ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ದೊಕ್ಸು ಸ್ಟಿಯರಿಂಗ್ ಹಿಡಿದದ್ದು ಹೀಗೇ ಇರಬೇಕು ಎಂದು ಅವಳಿಗೆ ಹೊಳೆಯಿತು.

"'ಇನ್ನೊಂದು ಮಾತು. ನಾನು ಮಗನನ್ನು ಒಮ್ಮೊಮ್ಮೆ ತಪ್ಪಿ ರೀ ಅಂತ ಕರೆಯುತ್ತೇನೆ. ಕರೆದ ಮೇಲೆ ನನಗೂ ಗೊತ್ತಾಗುತ್ತದೆ. ಅವನು ಪಾಪ, ಏನೇ ಅಂತ ಎಷ್ಟು ಚೆನ್ನಾಗಿ ಓಗೊಡುತ್ತಾನೆ! ಅವರಪ್ಪ ಐವತ್ತು ವರ್ಷದಲ್ಲಿ ಒಂದು ಸಲವೂ ಓಗೊಟ್ಟವರಲ್ಲ. ಇದನ್ನು ಬರೆಯೋ ಅಂದರೆ ಮಗ ಪೆನ್ನು ಕೆಳಗಿಟ್ಟು ಆಚೆ ನೋಡುತ್ತಿದ್ದಾನೆ. ಬರೆಯೋ.'"

ಒಕ್ಬುನ್ ಮೂಲಂಗಿ ನುಂಗಿ, "ಉಪ್ಪು ಸಾಲದು" ಎಂದರು.

೮

ಈಗ ಮುಕ್ತಾಯ. ಮಧ್ಯಾಹ್ನ ದೊಕ್ಸು ಊಟಕ್ಕೆ ಬಂದ. ಬಾಗಿಲಲ್ಲಿ ಶೂ ಬಿಚ್ಚುತ್ತಾ, ಯಾರ ಮುಖವನ್ನೂ ನೋಡದೆ, "ಹೊಸ ಕಿಮ್ಚಿ ಜೊತೆಗೆ ಹಂದಿಮಾಂಸ ಬೆಂದಿದೆಯಾ?" ಎಂದ.

ಒಂದು: ಮಿರಾನ್ ಮಂಡಿಯೂರಿ ಕೂತು ಅತ್ತಳು. (ಒಕ್ಬುನ್: "ಸುಳ್ಳು. ಮೊಣಕಾಲು ನೋವು ಅಂತ ಬೆಳಿಗ್ಗೆಯಿಂದ ಸ್ಟೂಲ್ ಮೇಲೆ ಕೂತಿದ್ದವಳು ಇವಳು.")

ಎರಡು: ಮಿರಾನ್ ಬಾಯಿ ತೆರೆಯುವಷ್ಟರಲ್ಲಿ ದೊಕ್ಸು ಒಂದು ತುತ್ತು ಹೊಸ ಕಿಮ್ಚಿ ಅವಳ ಬಾಯಿಗೆ ತುರುಕಿದ, ಮಾತು ಅಲ್ಲೇ ಮುಗಿಯಿತು. (ಇದನ್ನು ಕಣ್ಣಾರೆ ಕಂಡೆ ಎಂದು ಗಪ್ಸುನ್ ಕಟ್ಟಡದ ತುಂಬ ಹೇಳಿಕೊಂಡು ಬರುತ್ತಿದ್ದಾರೆ. ಆ ಹೊತ್ತಿನಲ್ಲಿ ಅವರು ಬಾಲ್ಕನಿಯಲ್ಲಿ ಬಕೆಟ್ ತೊಳೆಯುತ್ತಿದ್ದರು.)

ಮೂರು: ನಿಜವಾಗಿ ನಡೆದದ್ದು. ಅದನ್ನು ಎರಡು ಸಾಲಿನಲ್ಲಿ ಬರೆದಿದ್ದಳು. ಮೊದಲನೆಯದು ಮಿರಾನ್ ಹೇಳಿದ್ದು, ಎರಡನೆಯದು ದೊಕ್ಸು ಹೇಳಿದ್ದು. ನಿನ್ನೆ ಅಳಿಸಿದಳು.

ಕರಡು ಓದುತ್ತಿದ್ದ ದೊಕ್ಸು ಇಲ್ಲಿಗೆ ಬಂದು ಕನ್ನಡಕ ಮೇಲೆತ್ತಿದ.

"ಇಲ್ಲಿದ್ದದ್ದು ಎಲ್ಲಿ?"

"ತೆಗೆದೆ. ಊರವರಿಗೆ ಯಾಕೆ?"

"ನಿನ್ನದು ತೆಗೆದಿದ್ದು ಸರಿ. ನನ್ನದು ಚೆನ್ನಾಗಿತ್ತಲ್ಲ, ಅದನ್ನ ಇಡು."

"ನನ್ನದಿಲ್ಲದೆ ನಿಮ್ಮದು ಯಾರಿಗೆ ಅರ್ಥವಾಗುತ್ತೆ?"

"ಹಾಗಾದ್ರೆ ನಿನ್ನದನ್ನೂ ಇಡು. ಆದ್ರೆ ಅಲ್ಲಿ ನೀನು 'ಆದರೂ ನೀವು' ಅಂತ ಒಂದು ಸೇರಿಸಿದ್ದೆಯಲ್ಲ, ಅದನ್ನ ಕಿತ್ತುಹಾಕು."

"ನಾನು ಅದನ್ನ ಹೇಳಿದ್ದೆ ಕಣ್ರೀ. ನಿಜವಾಗಲೂ ಹೇಳಿದ್ದೆ."

"ಗೊತ್ತು. ಅದಕ್ಕೇ ಕಿತ್ತುಹಾಕು ಅಂತಿರೋದು."

ಒಳಗಿನಿಂದ ಒಕ್ಬುನ್ ಕೂಗಿದರು: "ರೀ!"

ದೊಕ್ಸು ಪೆನ್ನು ಮುಚ್ಚಿಟ್ಟು, "ಏನೇ?" ಎನ್ನುತ್ತಾ ಎದ್ದು ಹೋದ. ಆ ಎರಡು ಸಾಲಿನ ಜಾಗ ಮೇಲೆ ಹಾಗೇ ಖಾಲಿ ಇದೆ. ಅವನು ವಾಪಸ್ಸು ಬಂದಮೇಲೆ ಜಗಳ ಮುಂದುವರಿಯುತ್ತದೆ, ನೀವು ಇಷ್ಟರಲ್ಲೇ ಎದ್ದು ಹೊರಡಿ.