ಟ್ಯಾಂಕಿನ ಬಾಯಿ

"ಏಣಿ ಹಿಡ್ಕೊ," ಎಂದು ದಿನಕರ ಲುಂಗಿ ಮೇಲೆತ್ತಿ ಕಟ್ಟಿದ. ಬಾಡ ಊರಿನ ಹೊಸ ಮನೆಯ ಹಿತ್ತಲಲ್ಲಿ ಸೆಪ್ಟಿಕ್ ಟ್ಯಾಂಕಿನ ಹಾಸುಗಲ್ಲು ಸರಿಸಿ ಆಗಿತ್ತು. ಖಾಲಿ ಮಾಡಲು ಬಂದ ಗಾಡಿಯ ಪೈಪು ಅರ್ಧ ಎಳೆದು, ಗೊರಗೊರ ಎಂದು ನಿಂತುಬಿಟ್ಟಿತ್ತು. ಅವನ ಹೆಂಡತಿ ಮಾಲಿನಿ ಏಣಿ ಮುಟ್ಟಲಿಲ್ಲ.

ಮನೆ ಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಟೈಲ್ಸ್ ಹಾಕಿದ ಬಚ್ಚಲು ಕಂಡಿದ್ದೇ ತಡ, ಅತ್ತೆ ಗಣಪಿ ಮೀನು ಕೊಯ್ಯುವುದನ್ನೂ ಅಲ್ಲಿಗೇ ತಂದಿದ್ದಳು. ಬಂಗಡೆಯ ಕರುಳು, ಕಿವಿರು, ಬೆಳಚಿನ ಚಿಪ್ಪು ಎಲ್ಲ ಪಾಯಿಖಾನೆಗೆ. ಮೇಲೊಂದು ಕೊಡ ನೀರು. ನೀರಿಗೆ ಹಾಕಿದ್ದೆಲ್ಲ ಸಮುದ್ರಕ್ಕೆ ಹೋಗುವುದನ್ನೇ ಹುಟ್ಟಿದಂದಿನಿಂದ ಕಂಡ ಜೀವ ಅದು. ಟ್ಯಾಂಕು ಸಮುದ್ರವಲ್ಲವಲ್ಲ! ಈ ಬೆಳಿಗ್ಗೆ ಅದು ತಿಂದದ್ದನ್ನೆಲ್ಲ ಬಚ್ಚಲಿಗೇ ಕಕ್ಕಿತ್ತು. ನಾದಿನಿ ಸುಷ್ಮಾಳನ್ನು ನೋಡಲು ಗಂಡಿನ ಕಡೆಯವರು ಬರುವುದೂ ಇವತ್ತೇ.

"ಪೈಪಿನ ಬಾಯಿಗೆ ಚಿಪ್ಪು ಸಿಕ್ಕಂಡದೆ," ಎಂದ ಗಾಡಿಯ ಸುದರ್ಶನ. "ನಾನಂತೂ ಇಳಿಯೋನಲ್ಲ. ನೀವೂ ಇಳೀಬೇಡಿ ಮಾರಾಯ್ರೆ."

"ಬೋಟಲ್ಲಿ ಮೀನು ತುಂಬೋ ಗುಂಡಿಗೆ ದಿನಾ ಇಳಿಯೋನು ನಾನು. ಇದೆಂತ ದೊಡ್ಡದು?" ಎಂದ ದಿನಕರ.

"ಬೇಗ ಇಳ್ದು ಮುಗ್ಸು ತಮಾ. ಅವ್ರು ಹೊರಟಾತು," ಎಂದು ಗಣಪಿ ಮಗನನ್ನು ಅವಸರಪಡಿಸಿದಳು.

 ಮಾಲಿನಿಯ ಅಣ್ಣ ಅರುಣ ಸತ್ತದ್ದು ಬೋಟಿನ ಅಂಥದೇ ಗುಂಡಿಯಲ್ಲಿ, ಕೊಳೆತ ಮೀನಿನ ಗಾಳಿ ಕುಡಿದು. ದಿನಕರ ಏಣಿಗೆ ಕೈ ಹಾಕಿದ್ದೇ ಅವಳು ಅದನ್ನು ಕಸಿದು, ದೂರ ಎಳೆದು ನೆಲಕ್ಕೆ ಹಾಕಿ, ಮೇಲೆ ಕೂತುಬಿಟ್ಟಳು.

"ಏಳೇ! ಎಂತ ಹುಚ್ಚು ಇದು? ನೆರೆಯವ್ರೆಲ್ಲ ನೋಡ್ತಾ ಇದಾರೆ."

"ನೋಡ್ಲಿ. ನಮ್ಮಣ್ಣನೂ ಇದೇ ಮಾತು ಹೇಳಿ ಇಳ್ದ. ಕರದ್ರೆ ಓ ಅನ್ಲಿಲ್ಲ." ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ಬರೋರು ಮೂಗು ಮುಚ್ಕಂಡು ಕೂರ್ಲಿ. ಬೇಕಾದ್ರೆ ಎದ್ದು ಹೋಗ್ಲಿ. ನಿಮ್ಮ ಇಳಿಸೂಕೆ ಬಿಡೂದಿಲ್ಲ ನಾನು."

ದಿನಕರ ಸಹಾಯಕ್ಕೆಂದು ತಾಯಿಯ ಕಡೆ ತಿರುಗಿದ. ಗಣಪಿ ಆ ಕಪ್ಪು ಬಾಯನ್ನೊಮ್ಮೆ ನೋಡಿದಳು, ಮಗನನ್ನೊಮ್ಮೆ ನೋಡಿದಳು. ಸೊಸೆಯನ್ನು ಎಬ್ಬಿಸಲೆಂದೇ ಹೊರಟವಳಂತೆ ದಡದಡ ಬಂದು, ಏಣಿಯ ಇನ್ನೊಂದು ತುದಿಯಲ್ಲಿ ತಾನೂ ಕೂತಳು.

"ಬೋಟಿಂದ ಉದ್ದ ಗಳ ತಗಂಡ್ ಬಾ. ಮೇಲಿಂದ್ಲೇ ಕೆದಕು," ಎಂದಳು.

ದಿನಕರ ಲುಂಗಿ ಕೆಳಗಿಳಿಸಿ, ಕಡಲ ಕಡೆ ನಡೆದ. ಅಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತ ಸದ್ದಾಯಿತು, ಬಾಗಿಲುಗಳು ಒಂದೊಂದಾಗಿ ಹಾಕಿಕೊಂಡವು. ಸೆರಗಿನಿಂದ ಮೂಗು ಮುಚ್ಚಿಕೊಂಡ ಅತ್ತೆ ಸೊಸೆ ಇಬ್ಬರೂ ಏಳಲಿಲ್ಲ.