ಮೂರು ಮದುವೆ ಕಂಡ ಪ್ಲೇಟು

ಕೊಟ್ಟೂರಿನಲ್ಲಿ ನನ್ನದು ಮೋಟಾರು ವೈಂಡಿಂಗ್ ಅಂಗಡಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೆಯ ಗ್ರಾಮಫೋನ್ ಪ್ಲೇಟುಗಳಿವೆ. ಯಾಕೆ ಕೂಡಿಸುತ್ತೀಯ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಮೋಟಾರು ಯಾಕೆ ಸುಟ್ಟಿತು ಎಂದು ಕೇಳಿದರೆ ಕೊಡುತ್ತೇನೆ.

ಹೋದ ವರ್ಷ ಹಗರಿಬೊಮ್ಮನಹಳ್ಳಿಯ ಗುಜರಿಯವನ ಹತ್ತಿರ ಒಂದು ಪ್ಲೇಟು ಸಿಕ್ಕಿತು. ಲೇಬಲ್ ಬರೀ ಬಿಳಿ. ಕಂಪನಿಯ ಹೆಸರಿಲ್ಲ, ಹಾಡಿದವರ ಹೆಸರಿಲ್ಲ. ನೋಡಿದ ಕೂಡಲೇ ಗುಜರಿಯವನು ಕೇಳಿದಷ್ಟು ಕೊಟ್ಟುಬಿಟ್ಟೆ. ಕಂಪನಿಯವರು ಸಾವಿರಗಟ್ಟಲೆ ಪ್ಲೇಟು ಒತ್ತುವ ಮೊದಲು ಪರೀಕ್ಷೆಗೆಂದು ಒಂದೆರಡನ್ನು ಒತ್ತುತ್ತಾರೆ. ಹಾಡಿದವರು ಕೇಳಿ ಹೂಂ ಅಂದ ಮೇಲೆ ಉಳಿದವು. ಇದು ಆ ಪರೀಕ್ಷೆಯ ಪ್ಲೇಟು. ಮನೆಗೆ ತಂದು ಹಚ್ಚಿದೆ. ಒಬ್ಬ ಹೆಂಗಸು ಸೋಬಾನೆ ಪದ ಹೇಳುತ್ತಿದ್ದಳು. ಅಂಥ ದನಿಯನ್ನು ನಾನು ಬೇರೆ ಯಾವ ಪ್ಲೇಟಿನಲ್ಲೂ ಕೇಳಿರಲಿಲ್ಲ. ಇದು ಹೊರಗೆ ಬಂದೇ ಇಲ್ಲ, ಜಗತ್ತಿನಲ್ಲಿ ಇರುವುದು ಇದೊಂದೇ, ಅದು ನನ್ನ ಕೋಣೆಯಲ್ಲಿದೆ ಎಂದು ತೀರ್ಮಾನಿಸಿದೆ. ಒಂದು ವಾರ ಯಾರ ಮೇಲೂ ಸಿಟ್ಟು ಮಾಡಲಿಲ್ಲ. ಮೈಯಲ್ಲಿ ಹುಷಾರಿಲ್ಲವೇ ಎಂದು ಹೆಂಡತಿ ಅಮೃತಾ ಕೇಳಿದಳು.

ಹಡಗಲಿಯ ಪ್ರವೀಣಕುಮಾರನೂ ಪ್ಲೇಟು ಕೂಡಿಸುವವನೇ. ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಅವನಿಗೆ ಫೋನಿನಲ್ಲಿ ತಿಳಿಸಿದೆ.

"ಬಿಳಿ ಲೇಬಲ್ ಯಾರು ಬೇಕಾದ್ರೂ ಅಂಟಸಬೌದಲ್ರಿ ಶಿವಯೋಗಪ್ಪನೋರ" ಎಂದ. "ಕಂಪನಿಯಿಂದ ನಿಮ್ಮ ಕೈಗೆ ಬರೂತನಕ ಯಾರ್ಯಾರ ಮನ್ಯಾಗ ಇತ್ತು, ಹೇಳ್ರಿ. ಇಲ್ಲಂದ್ರ ಅದು ಬರೇ ಗುಜರಿ. ಹೋಗ್ಲಿ, ಒಂದೀಟು ಮೊಬೈಲ್‌ನ್ಯಾಗ ಕಳಸ್ರಿ, ಕೇಳ್ತೀನಿ."

"ನಿಮ್ಮಪ್ಪಗೂ ಕಳಸಂಗಿಲ್ಲ" ಎಂದು ಫೋನಿಟ್ಟೆ. ಅವನ ಅಪ್ಪ ಒಳ್ಳೆಯ ಮನುಷ್ಯ. ಸಿಟ್ಟಿನಲ್ಲಿ ಬಾಯಿಗೆ ಸಿಕ್ಕವನು ಅವನೇ.

ಮರುದಿನ ಪ್ಲೇಟನ್ನು ಬಿಸಿಲಿಗೆ ಹಿಡಿದು ನೋಡಿದೆ. ಹಾಡಿನ ಸುತ್ತುಗೆರೆಗಳು ಮುಗಿದ ಮೇಲೆ, ಲೇಬಲ್ಲಿನ ಸುತ್ತ ಬೆರಳಗಲದ ನುಣುಪು ಜಾಗ ಇರುತ್ತದೆ. ಅಲ್ಲಿ ಚುಕ್ಕೆ ಚುಕ್ಕೆಯಾಗಿ ಅಕ್ಷರಗಳಿದ್ದವು. ಪಾತ್ರೆ ಅಂಗಡಿಯ ಕರೆಂಟಿನ ಸೂಜಿಯಿಂದ ಕೊರೆದದ್ದು. ನಮ್ಮ ಕಡೆ ಮದುವೆಗೆ ಕೊಡ, ತಂಬಿಗೆ ಮುಯ್ಯಿ ಕೊಡುವಾಗ ಕೊಟ್ಟವರ ಹೆಸರು ಕೊರೆಸುತ್ತಾರೆ. ಹೆಸರಿಲ್ಲದ ಮುಯ್ಯಿ ಕೊಟ್ಟ ಲೆಕ್ಕಕ್ಕೆ ಬರುವುದಿಲ್ಲ. ನಾಳೆ ಅವರು ನಮ್ಮ ಮನೆಗೆ ತಿರುಗಿ ಹಾಕಬೇಕಲ್ಲ. ಈ ಪುಣ್ಯಾತ್ಮರು ಪ್ಲೇಟಿಗೂ ಕೊರೆಸಿದ್ದರು. ಭರಮಮ್ಮ ನೀಲಗುಂದ, ಅಂಜಿನೇಯಲು ತೆಲಿಗಿ, ಪಾಲಾಕ್ಷಪ್ಪ ಮಾಗಳ.

ಪ್ಲೇಟಿಗೆ ಸೂಜಿ ಹಾಕಿದವರನ್ನು ಮನಸ್ಸಿನಲ್ಲೇ ಬೈದು ಬೈಕು ಹತ್ತಿದೆ.

ಗುಜರಿಯವನು ತೋರಿಸಿದ ಮನೆ ಅನ್ನದಾನಮ್ಮನದು. "ನಮ್ಮ ಹುಡುಗನ ಮದುವಿಗೆ ಮಾಗಳದ ಪಾಲಾಕ್ಷಪ್ಪನೋರು ಹಾಕಿದ ಮುಯ್ಯಿರಿ" ಎಂದಳು.

"ಒಮ್ಮೆರ ಹಚ್ಚಿ ಕೇಳೀರೇನು?"

"ಯಾತರಾಗ ಹಚ್ಚೂಣು?"

"ಮತ್ತ ಗುಜರಿಗೆ ಯಾಕ ಹಾಕಿದ್ರಿ?"

"ಯಾರಿಗರ ಮುಯ್ಯಿ ಕೊಟ್ಟು ಕೈ ತೊಳಕೊಳ್ಳೂಣು ಅಂದ್ರ ಹೆಸರು ಕೊರಸಾಕ ಜಾಗಾ ಬೇಕಲ್ರಿ? ಮೂರು ಮಂದಿ ತುಂಬಿ ಕುಂತಾರ. ಪಾತ್ರಿ ಅಂಗಡ್ಯಾವ ಆಗಂಗಿಲ್ಲ ಅಂದ."

ಮಾಗಳದಲ್ಲಿ ಪಾಲಾಕ್ಷಪ್ಪ ಹೊಳೆದಂಡೆಯ ಹೊಲದಲ್ಲಿ ಸಿಕ್ಕ. ಪ್ಲೇಟು ನೋಡಿದ್ದೇ ತಡ, ನಾನು ಅನ್ನದಾನಮ್ಮನ ಪರವಾಗಿ ಜಗಳಕ್ಕೆ ಬಂದೆನೆಂದು ತಿಳಿದ. "ನಾವೇನು ಹಗುರ ಮುಯ್ಯಿ ಹಾಕಬೇಕಂತ ಹಾಕಿದ್ದಲ್ಲರಿ. ನಮಗ ತೆಲಿಗಿಯವರು ಹಾಕಿದ್ರು. ಗಡಿಯಾರ ಮಾಡಸೂಣಂತ ಇಟ್ಟಿದ್ದೆ, ನಡುವ ತೂತು ಹೆಂಗೂ ಐತಿ" ಎಂದ. ತೆಲಿಗಿಯ ಅಂಜಿನೇಯಲು ಇನ್ನೂ ಸಿಟ್ಟಿನಲ್ಲಿದ್ದ. "ನನ್ನ ಮದುವ್ಯಾಗ ಎಲ್ಲಾರೂ ಕೊಡಾ ಕೊಟ್ರು. ನಮ್ಮ ಸೋದರತ್ತಿ ನೀಲಗುಂದದಾಕಿ ಇದನ್ನ ಕೊಟ್ಲು. ನಮ್ಮಪ್ಪ ಆಕಿ ಮನಿ ನೀರು ಕುಡೀಲಿಲ್ಲ ಮುಂದ!"

ನಲವತ್ತು ವರ್ಷದಲ್ಲಿ ಮೂರು ಮದುವೆ ತಿರುಗಿದ ಸೋಬಾನೆ ಪದವನ್ನು ಒಂದು ಮದುವೆಯಲ್ಲೂ ಯಾರೂ ಕೇಳಿರಲಿಲ್ಲ. ಹಾಗಾಗಿಯೇ ಒಂದು ಗೀರೂ ಬೀಳದೆ ಉಳಿದಿತ್ತು. ನನಗೆ ಅದೇ ಬೇಕಾಗಿದ್ದದ್ದು.

ಇನ್ನು ಉಳಿದದ್ದು ಮೊದಲ ಹೆಸರು. ಬ್ಯಾಟರಿಯ ಪ್ಲೇಯರನ್ನು ಬೈಕಿಗೆ ಕಟ್ಟಿಕೊಂಡು ನೀಲಗುಂದಕ್ಕೆ ಹೋದೆ.

ಭರಮಮ್ಮ ಕುರಿಹಟ್ಟಿಯ ಮುಂದೆ ಕಂಬಳಿಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದಳು. ಎಂಬತ್ತರ ಹತ್ತಿರದ ವಯಸ್ಸು. ಪಕ್ಕದಲ್ಲಿ ನರ್ಸಿಂಗ್ ಮುಗಿಸಿದ ಮೊಮ್ಮಗಳು ಚಂದನಾ. ಪ್ಲೇಟನ್ನು ಮುದುಕಿಯ ಕೈಗೆ ಕೊಟ್ಟೆ. ಅವಳು ಹೆಸರಿನ ಕಡೆ ನೋಡಲಿಲ್ಲ. ಬಿಳಿ ಲೇಬಲ್ಲಿನ ಮೇಲೆ ಅಂಗೈ ಇಟ್ಟಳು.

"ಇನ್ನಾ ಐತೇನು ಇದು? ಹಚ್ಚು."

ಹಚ್ಚಿದೆ. ಅವಳ ತುಟಿ ಪ್ಲೇಟಿಗಿಂತ ಅರ್ಧ ಸಾಲು ಮುಂದೆ ಹೋಗುತ್ತಿತ್ತು. ಮುದುಕಿಗೆ ಈ ಪದ ಬಾಯಿಪಾಠ ಇದೆ ಎಂದುಕೊಂಡೆ. ಹಾಡಿದವಳೇ ಅವಳು ಎಂದು ನನಗೆ ಹೊಳೆಯಲು ಎರಡು ನುಡಿ ಬೇಕಾದವು. ಪದ ಮುಗಿದು, ಸೂಜಿ ಹೆಸರುಗಳ ಮೇಲೆ ಹೋಗಿ ಕರಕರ ಎಂದಿತು. ಎತ್ತಿದೆ.

"ಮೊದಲನೇ ಸಲ ಕೇಳಿದೆ ನೋಡಪ್ಪಾ" ಎಂದಳು. "ಕಂಪನ್ಯಾವ ತಂದು ಕೊಟ್ಟ. ಕೇಳವ್ವ, ಹೂಂ ಅಂತ ಹೇಳಿ ಕಳಸು, ಆಮ್ಯಾಲ ಎಲ್ಲಾ ಊರಿಗೂ ಬರ್ತೈತಿ ಅಂದ. ಊರಾಗ ಮಷೀನು ಇದ್ದದ್ದು ಮೈಕ್ ಸೆಟ್ಟಿನವನ ಕಡೀಗೆ. ಕುರಿ ಕಾಯೂ ಹೆಂಗಸಿನ ಪದ ಯಾವನು ಕೇಳ್ತಾನಬೇ ಅಂತ ನಕ್ಕ. ನಾನೂ ಮತ್ತ ಅವನ ಬಾಗಿಲಿಗೆ ಹೋಗಲಿಲ್ಲ. ಕೇಳದೇ ಹೂಂ ಅನ್ನಾಕ ಮನಸು ಬರಲಿಲ್ಲ. ಮೂಕ ಪ್ಲೇಟು ಮನ್ಯಾಗಿದ್ರ ಹೊಟ್ಟಿ ಉರೀತಿತ್ತು. ತೆಲಿಗಿ ಮದುವಿಗೆ ಕೊಟ್ಟುಬಿಟ್ಟೆ."

ಮಡಿಲಿನ ಶೇಂಗಾ ಸಿಪ್ಪೆ ಕೊಡವಿದಳು. ಆಮೇಲೆ ಕಣ್ಣು ಒರೆಸಿಕೊಂಡು ಹೇಳಿದಳು: "ಹೂಂ. ಛಲೋ ಐತಿ. ಎಲ್ಲಾ ಊರಿಗೂ ಬಿಡಾಕ ಹೇಳು."

"ಯಾರಿಗೆ ಹೇಳ್ಲಿ ಅವ್ವಾ? ಆ ಕಂಪನಿ ಮುಚ್ಚಿ ಯಾವ ಕಾಲ ಆತೋ."

"ಹಂಗಾರ ನೀನ ಬಿಡು. ಇನ್ನೊಮ್ಮೆ ಹಚ್ಚು, ಈಕಿ ಫೋನಿನ್ಯಾಗ ಹಿಡಕೊಂತಾಳ."

ಚಂದನಾ ಆಗಲೇ ಫೋನು ಎತ್ತಿ ಹಿಡಿದಿದ್ದಳು. ನನ್ನ ನೆತ್ತಿ ಬಿಸಿಯಾಯಿತು.

"ಏ, ಫೋನ್ ಇಳಸವ್ವ! ಇದು ಜಗತ್ತಿನ್ಯಾಗ ಒಂದ ಐತಿ, ಅದು ನನ್ನ ಕಡಿ ಐತಿ! ಪೆಟ್ರೋಲು ಸುಟಗೊಂಡು ಮೂರು ತಾಲ್ಲೂಕು ತಿರುಗೀನಿ, ಎಲ್ಲಾರ ಫೋನಿನ್ಯಾಗೂ ಸುರಿಯಾಕೇನು?"

"ಒದರಬ್ಯಾಡ, ಕುರಿ ಬೆದರ್ತಾವ" ಎಂದಳು ಭರಮಮ್ಮ. "ಪ್ಲೇಟು ನೀನ ಇಟಗೋ. ಕೊಟ್ಟ ಮುಯ್ಯಿ ತಿರುಗಿ ಕೇಳಾಕಿ ಅಲ್ಲ ನಾನು. ಆದರ ಪದಾ ಯಾರಿಗೂ ಮುಯ್ಯಿ ಕೊಟ್ಟಿಲ್ಲ."

ಬೇರೆ ಮಾತು ತೆಗೆದೆ.

"ಇಂಥಾವು ಎಷ್ಟು ಕೊಟ್ಟಿದ್ದ ಕಂಪನ್ಯಾವ? ಅದೊಂದು ಹೇಳವ್ವ."

"ಹಚ್ಚು. ಆಮ್ಯಾಲ ಹೇಳ್ತೀನಿ."

ಪ್ಲೇಯರ್ ಎತ್ತಿಕೊಂಡು ಹೊರಟುಬಿಡಬಹುದಿತ್ತು. ಎದ್ದೂ ನಿಂತೆ. ಮುದುಕಿ ನನ್ನ ಕಡೆ ನೋಡುತ್ತಿರಲಿಲ್ಲ, ಸೂಜಿಯ ಕಡೆ ನೋಡುತ್ತಿದ್ದಳು. ಕೂತು ಹಚ್ಚಿದೆ. ಎರಡೂ ಮಗ್ಗಲು ಹಚ್ಚಿದೆ. ಚಂದನಾಳ ಕೈ ಅಲುಗಲಿಲ್ಲ.

"ಒಂದ ಕೊಟ್ಟಿದ್ದ" ಎಂದಳು ಮುದುಕಿ, ಎಲ್ಲ ಮುಗಿದ ಮೇಲೆ. "ಇನ್ನೊಂದು ಬಂದಿತ್ತು, ಬಸ್ಸಿನ್ಯಾಗ ಒಡೀತಂತ ಅಂದ."

ಹರಪನಹಳ್ಳಿ ದಾಟುವ ಮೊದಲೇ ಬೈಕು ನಿಲ್ಲಿಸಿ ಪ್ರವೀಣಕುಮಾರನಿಗೆ ಫೋನು ಮಾಡಿದೆ. ಕಂಪನಿಯಿಂದ ಗುಜರಿಯ ತನಕ ಪ್ರತಿ ಮನೆಯನ್ನೂ ಹೇಳಿದೆ. ಅವನು ಒಂದೊಂದು ಹೆಸರನ್ನೂ ಎರಡೆರಡು ಸಲ ಕೇಳಿ, "ಒಪ್ಪಿದೆರೀ. ಒಂದ ಐತಿ, ನಿಮ್ಮ ಕಡೀನ ಐತಿ" ಎಂದ. ಆ ಮಾತಿನ ಮೇಲೆ ಕೊಟ್ಟೂರಿನ ತನಕ ಬೈಕು ಓಡಿಸಿದೆ.

ಮನೆಗೆ ಬಂದರೆ ಅಮೃತಾ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿಟ್ಟಿದ್ದಳು. ಅದರಲ್ಲಿ ಭರಮಮ್ಮ ಹಾಡುತ್ತಿದ್ದಳು.

"ಎಲ್ಲಿಂದ ಬಂತಿದು?"

"ಕೂಡ್ಲಿಗಿಯಿಂದ ನಮ್ಮಕ್ಕ ಕಳಿಸ್ಯಾಳ. ಆಕಿಗೆ ಯಾರೋ ನರ್ಸು ಕಳಿಸ್ಯಾಳಂತ. ಎಷ್ಟು ಛಂದ ಹೇಳ್ಯಾಳ್ರಿ ಮಾರಾಯ್ತಿ! ನನ್ನ ಮದುವ್ಯಾಗ ಹಿಂಗ ಹೇಳೋರು ಒಬ್ರೂ ಇರಲಿಲ್ಲ." ರೊಟ್ಟಿ ಹೊರಳಿಸಿ ಹಾಕಿ ನನ್ನ ಮುಖ ನೋಡಿದಳು. "ಮೊದಲಿಗೆ ಒಬ್ಬಾಂವ ಒದರ್ತಾನ. ಅದು ನೀವಲ್ಲೇನು?"

ಅಲ್ಲ ಎಂದೆ. ಅವಳು ಹಿಟ್ಟಿನ ಕೈಯಿಂದಲೇ ಮತ್ತೆ ಮೊದಲಿನಿಂದ ಹಚ್ಚಿದಳು.