ಗದ್ದದ ಸ್ವಿಚ್ಚು

“ಯಾಕಲೇ ಶರಣ್ಯಾ, ಕೈ ಹೋದ್ವು, ಈಗ ಗದ್ದಾನೂ ಸತ್ತೈತೇನು? ಒತ್ತಲೇ ಭಾಡ್ಯಾ.” ಕಾರ್ಖಾನೆಯ ಮಾಲೀಕ ಶೇಟ್ ಕೂಗಿದ.

ಶರಣ ಸ್ವಿಚ್ಚಿನ ಮೇಲೆ ಗದ್ದ ಊರಿದ. ತಗಡಿನಿಂದ ಡಬ್ಬಿಯ ಮುಚ್ಚಳ ಒತ್ತುವ ಪ್ರೆಸ್ಸು ದಡ್ಡನೆ ಬಿದ್ದು ಎದ್ದಿತು. ಹೆಂಡತಿ ಲಕ್ಷ್ಮವ್ವ ಅಚ್ಚಿನೊಳಗೆ ಕೈ ಹಾಕಿ ಮುಚ್ಚಳ ತೆಗೆದಳು, ಹೊಸ ತಗಡು ಇಟ್ಟಳು, ಕೈ ಎಳೆದುಕೊಂಡಳು. ಮತ್ತೆ ಗದ್ದ.

ಮುಂಬೈ ಜೋಗೇಶ್ವರಿಯ ಆ ಕಾರ್ಖಾನೆಯಲ್ಲಿ ಮೊದಲು ಪ್ರೆಸ್ಸಿಗೆ ಎರಡು ಗುಂಡಿಗಳಿದ್ದವು. ಎರಡೂ ಕೈಯಿಂದ ಒತ್ತಿದರೆ ಮಾತ್ರ ಅದು ಇಳಿಯಬೇಕು. ಕೈ ಹೊರಗಿರಲಿ ಎಂದೇ ಆ ಏರ್ಪಾಡು. ಕೆಲಸ ತಡವಾಗುತ್ತದೆಂದು ಶೇಟ್ ಚನ್ನಬಸಯ್ಯ ಒಂದು ಗುಂಡಿಯನ್ನು ಒತ್ತಿ ಟೇಪು ಸುತ್ತಿಸಿದ್ದ. ಸಿಕ್ಕಿಕೊಂಡ ತಗಡನ್ನು ಶರಣ ಎರಡೂ ಕೈಯಿಂದ ಎಳೆಯುವಾಗ ಎದೆ ಇನ್ನೊಂದು ಗುಂಡಿಗೆ ತಾಗಿತು. ಮಣಿಕಟ್ಟಿನಾಚೆ ಏನೂ ಉಳಿಯಲಿಲ್ಲ.

ಮೊಂಡುಗೈ ಇನ್ನೂ ಯಾವುದಕ್ಕೆ ತಗುಲಿದರೂ ಜೀವ ಹೋದಂತಾಗುತ್ತಿತ್ತು. ಆಸ್ಪತ್ರೆಯವರು ಗದ್ದದಿಂದ ಒತ್ತಿ ಫೋನು ನಡೆಸುವ ಸ್ವಿಚ್ಚು ಕೊಟ್ಟರು, ಇನ್ನೊಂದು ಸಿಗುವುದಿಲ್ಲ ಎಂದೂ ಹೇಳಿದರು. ಯಾರ ಸಹಾಯವೂ ಇಲ್ಲದೆ ವಿಜಯಪುರದ ಹಾಸ್ಟೆಲಿನಲ್ಲಿದ್ದ ಮಗಳು ಸೌಮ್ಯಾಗೆ ಫೋನು ಹಚ್ಚಿದ ದಿನ ಶರಣ ಮಗುವಿನಂತೆ ಅತ್ತಿದ್ದ.

ಶೇಟನ ಕರುಣೆ ದೊಡ್ಡದು. ನಮ್ಮ ಊರ ಕಡೆಯವನು, ಬೀದಿಗೆ ಬೀಳಬಾರದು ಎಂದು ಹಗಲು ಆ ಸ್ವಿಚ್ಚಿನ ವೈರನ್ನೇ ಪ್ರೆಸ್ಸಿಗೆ ಜೋಡಿಸಿದ, ರಾತ್ರಿ ಫೋನಿಗೆಂದು ಬಿಚ್ಚಿ ಕೊಡುತ್ತಿದ್ದ. ಗಂಡ ಒತ್ತಬೇಕು, ಹೆಂಡತಿ ತಗಡು ಹಾಕಬೇಕು, ಇಬ್ಬರಿಗೂ ಸೇರಿ ಒಂದೇ ಪಗಾರ. ಬೇರೆ ದಾರಿ ಇರಲಿಲ್ಲ, ಬಂದರು. ಒತ್ತುವ ಮುಂಚೆ ಪ್ರತಿ ಸಲವೂ ಶರಣ ಅವಳ ಕೈ ಹೊರಬಂತೇ ಎಂದು ನೋಡುತ್ತಿದ್ದ.

ಅಂದು ತಗಡು ಮತ್ತೆ ಸಿಕ್ಕಿಕೊಂಡಿತು. ಲಕ್ಷ್ಮವ್ವ ಎರಡೂ ಕೈ ಒಳಗಿಟ್ಟು ಎಳೆಯತೊಡಗಿದಳು. ಶರಣ ಗದ್ದ ಎತ್ತಿದ. ಹೊರಗೆ ಟೆಂಪೊ ಕಾಯುತ್ತಿದೆ, ಮಾಲು ಎಲ್ಲಿ ಎಂದು ಶೇಟ್ ಅವಳ ಅಪ್ಪ ಅಮ್ಮನನ್ನೆಲ್ಲ ಎಳೆದು ಬೈದ, ಶರಣನಿಗೆ ಒತ್ತು ಎಂದ.

“ಆಕೀ ಕೈ ಒಳಗದಾವ್ರಿ ಶೇಟ್ರ.”

“ಪ್ರೆಸ್ ಇಳಿಯೂದು ಕಂಡ್ರ ತಾನ ತಗೀತಾಳ. ಸರೀ ಆಕಡೆ.”

ಶೇಟನ ಬೆರಳು ಸ್ವಿಚ್ಚಿನತ್ತ ಬಂತು. ಶರಣ ಬಗ್ಗಿ ವೈರನ್ನು ಹಲ್ಲಲ್ಲಿ ಕಚ್ಚಿ, ಇಡೀ ಮೈಯಿಂದ ಹಿಂದಕ್ಕೆ ಜಗ್ಗಿದ. ವೈರು ಹರಿಯಿತು. ಸ್ವಿಚ್ಚು ನೆಲಕ್ಕೆ ಬಿದ್ದು ಒಡೆಯಿತು. ಇನ್ನು ಮಗಳಿಗೆ ಫೋನಿಲ್ಲ ಎಂಬುದು ಅವನಿಗೆ ಆಗಲೇ ಗೊತ್ತಾಗಿತ್ತು.

ಶೇಟ್ ಕಪಾಳಕ್ಕೆ ಬಾರಿಸಿದ. ಇನ್ನೊಂದು ಬಾರಿಸಿದ. ಶರಣನ ಬಾಯಿಂದ ರಕ್ತ ಇಳಿಯಿತು, ಹಲ್ಲು ಮಾತ್ರ ವೈರನ್ನು ಬಿಡಲಿಲ್ಲ.

ಲಕ್ಷ್ಮವ್ವ ಅಚ್ಚಿನಿಂದ ಕೈ ಹೊರತೆಗೆದಳು. ಎಣ್ಣೆ ಮೆತ್ತಿದ ಹತ್ತೂ ಬೆರಳಿಂದ ಶೇಟನ ಕೊರಳಪಟ್ಟಿ ಹಿಡಿದಳು.